ಆಯುಧಪೂಜೆಯ ಕಡ್ಲೆಪುರಿ, ಅಕ್ಕಂದಿರ ಓಲೆ: ಸಭೆಯಲ್ಲಿ ಯಾರ ಸಲುವಾಗಿ ಯಾರು ಬಿಟ್ಟುಕೊಡಬೇಕು?

ಪೀಣ್ಯದ ಸಭೆಯವನು

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಂಗಳೂರಿನ ಪೀಣ್ಯ ಕಡೆಯ ಚಿಕ್ಕ ಸಭೆ. ಜಾಸ್ತಿ ಜನ ಮಷಿನ್ ಶಾಪ್, ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು. ಆಯುಧಪೂಜೆ ದಿನ ಶಾಪ್‌ನಲ್ಲಿ ಏನು ನಡೆಯುತ್ತದೆ ಅಂತ ನಿಮಗೆಲ್ಲ ಗೊತ್ತು. ಲೇತ್, ಡ್ರಿಲ್ಲಿಂಗ್ ಮಷಿನ್ ಎಲ್ಲ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟುತ್ತಾರೆ. ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಾರೆ. ಆಮೇಲೆ ಓನರ್ ಎಲ್ಲರಿಗೂ ಕಡ್ಲೆಪುರಿ, ಬಾಳೆಹಣ್ಣು, ಸ್ವೀಟ್ ಬಾಕ್ಸ್ ಕೊಡುತ್ತಾರೆ. ಬೋನಸ್ ಕವರ್ ಕೂಡ ಅದರ ಜೊತೆಗೇ.

ಒಂದೇ ಶಾಪ್‌ನಲ್ಲಿ ನಮ್ಮ ಸಭೆಯ ಇಬ್ಬರು ಕೆಲಸ ಮಾಡುತ್ತಾರೆ. ದೊಡ್ಡವರು ತಾತನ ಕಾಲದಿಂದ ಕ್ರೈಸ್ತರು. ಕೊಟ್ಟದ್ದನ್ನು ತೆಗೆದುಕೊಂಡು ಅಲ್ಲೇ ನಿಂತು ತಿನ್ನುತ್ತಾರೆ. 'ದೇವರು ಒಬ್ಬನೇ, ವಿಗ್ರಹ ಏನೂ ಅಲ್ಲ, ಪುರಿ ಅಂದ್ರೆ ಪುರಿ ಅಷ್ಟೇ' ಅನ್ನುವುದು ಅವರ ಮಾತು. ಚಿಕ್ಕವನು ಈಚೆಗೆ ದೀಕ್ಷಾಸ್ನಾನ ತೆಗೆದುಕೊಂಡವನು. ಅವನ ಮನೆತನ ಊರಮ್ಮನ ಗುಡಿಯ ಪೂಜಾರಿಕೆಯದು. ತಟ್ಟೆ ಹಿಡಿದು ಪ್ರಸಾದ ಹಂಚಿದ ಕೈ ಅವನದು. ಹೋದ ಸಲ 'ಅಣ್ಣನೇ ತಿನ್ನುತ್ತಿದ್ದಾರಲ್ಲ' ಅಂತ ಅವನೂ ತಿಂದ. ರಾತ್ರಿ ನಿದ್ದೆ ಬರಲಿಲ್ಲವಂತೆ. ಮುಂದಿನ ಭಾನುವಾರ ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ) ಹೊತ್ತಿಗೆ ಎದ್ದು ಹೊರಗೆ ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತುಬಿಟ್ಟ.

ವಿಷಯ ಹಿರಿಯರಿಗೆ ಗೊತ್ತಾಯಿತು. ಈ ವರ್ಷ ಹಬ್ಬಕ್ಕೆ ಮುಂಚೆ ಒಂದು ನಿಯಮ ಓದಿ ಹೇಳಬೇಕು ಅಂತಿದ್ದಾರೆ: ಸಭೆಯವರು ಯಾರೂ ಪೂಜೆಯ ಪದಾರ್ಥ ಮುಟ್ಟಬಾರದು, ಮುಟ್ಟಿದವರಿಗೆ ಕರ್ತನ ಮೇಜು, ಅಂದರೆ ಆ ಭೋಜನ, ಇಲ್ಲ. ಅದರ ಜೊತೆಗೇ ಹೆಂಗಸರ ಓಲೆ, ಬಳೆ, ಹೂವಿನ ವಿಷಯವನ್ನೂ ಸೇರಿಸಿದ್ದಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನನಗೆ ಅರ್ಥವಾಗಲಿಲ್ಲ.

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ದೊಡ್ಡಣ್ಣ ಹೇಳುವ ಮಾತು ಸರಿ. ಆದರೂ ಅವರು ತಿನ್ನಬಾರದಿತ್ತು. ಹಾಗಂತ ಹಿರಿಯರು ನಿಯಮ ಮಾಡುವುದೂ ಸರಿಯಲ್ಲ. ಈ ಮೂರೂ ಒಟ್ಟಿಗೆ ಹೇಗೆ ಸರಿಹೋಗುತ್ತವೆ ಅಂತ ವಿವರಿಸಲು ನನಗೆ ಮಾತು ಸಾಲುತ್ತಿಲ್ಲ. ಬಲ್ಲವರು ಹೇಳಿ.

ಕೋಲಾರ ಕಡೆಯ ವಿಶ್ವಾಸಿ

ಬ್ರದರ್, ಇದರಲ್ಲಿ ವಿವರಿಸುವುದಕ್ಕೆ ಏನಿದೆ? ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದವರಿಗೆ ಬರೆದ ಪತ್ರ ಓದಿ. ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಬೇಕು ಅಂತ ನೇರವಾಗಿದೆ. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆ 2ರಲ್ಲಿ ಪೆರ್ಗಮ, ಥುವತೈರ ಎರಡೂ ಸಭೆಗಳನ್ನು ಕರ್ತನೇ ಇದೇ ವಿಷಯಕ್ಕೆ ಗದರುತ್ತಾನೆ. ಅಲ್ಲಿ 'ವಿಗ್ರಹ ಏನೂ ಅಲ್ಲ ಅನ್ನುವ ಜ್ಞಾನ ನನಗಿದೆ' ಅನ್ನುವ ಮಾತಿಗೆ ಜಾಗವೇ ಇಲ್ಲ.

ಇನ್ನೊಂದು ಮಾತು. ನಮ್ಮ ತಾತ ಹಳ್ಳಿಯಲ್ಲಿ ಜಾತ್ರೆಯ ಊಟ ಬೇಡ ಅಂದಿದ್ದಕ್ಕೆ ಊರ ಬಾವಿ ಬಂದ್ ಆಯಿತು. ಅಜ್ಜಿ ಮೈಲಿ ದೂರದ ಹಳ್ಳದಿಂದ ನೀರು ಹೊತ್ತರು. ಅಷ್ಟು ಬೆಲೆ ಕೊಟ್ಟು ಅವರು ಬೇಡ ಅಂದಿದ್ದನ್ನು ಇವತ್ತು ನಾವು 'ಪುರಿ ಅಷ್ಟೇ' ಅಂತ ಬಾಯಿಗೆ ಹಾಕಿಕೊಂಡರೆ ನನಗೆ ನೋವಾಗುತ್ತದೆ. ನಿಯಮ ಇರಲಿ.

ದೇವಶಾಸ್ತ್ರ ವಿದ್ಯಾರ್ಥಿ

ಕೋಲಾರದ ಅಣ್ಣನವರ ತಾತನಿಗೆ ನನ್ನ ನಮಸ್ಕಾರ. ಅವರು ಕೊಟ್ಟ ಬೆಲೆಯನ್ನು ಯಾರೂ ಹಗುರವಾಗಿ ನೋಡಬಾರದು. ಆದರೆ ಅಪೊಸ್ತಲ ಪೌಲ ಈ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಮುಗಿಸಲಿಲ್ಲ. ಕೊರಿಂಥ ಊರಿನ ಸಭೆಗೆ ಬರೆದ ಮೊದಲ ಪತ್ರದಲ್ಲಿ (1 ಕೊರಿಂಥ) 8ರಿಂದ 10ರವರೆಗೆ ಮೂರು ಅಧ್ಯಾಯ ಬರೆದ. ಯಾಕೆ ಅಂತ ತಿಳಿಯಲು ಆ ಊರನ್ನು ನೋಡಬೇಕು.

ಕೊರಿಂಥ ಗ್ರೀಸಿನಲ್ಲಿ ರೋಮನ್ನರು ಕೆಡವಿ, ಕ್ರಿ.ಪೂ. 44ರಲ್ಲಿ ಮತ್ತೆ ಕಟ್ಟಿದ ಬಂದರು ಊರು. ಪೌಲ ಅಲ್ಲಿ ಒಂದೂವರೆ ವರ್ಷ ಇದ್ದ. ಅಲ್ಲಿನ ಅಗೆತದಲ್ಲಿ ಅಸ್ಕ್ಲೇಪಿಯಸ್ ಎಂಬ ವೈದ್ಯ ದೇವರ ಗುಡಿಯ ಪಕ್ಕದಲ್ಲೇ ಊಟದ ಕೋಣೆಗಳು ಸಿಕ್ಕಿವೆ. ಗೋಡೆಯ ಸುತ್ತ ಒರಗಿಕೊಂಡು ಉಣ್ಣುವ ಮಂಚಗಳು. ಅದೇ ಕಾಲದ ಸುಮಾರಿಗೆ ಈಜಿಪ್ಟಿನಲ್ಲಿ ಜನ ಪಪೈರಸ್ ಚೀಟಿಯಲ್ಲಿ ಊಟಕ್ಕೆ ಕರೆಯುತ್ತಿದ್ದರು. ನಾಳೆ ಸೆರಾಪಿಸ್ ದೇವರ ಪಂಕ್ತಿಯಲ್ಲಿ ಊಟಕ್ಕೆ ಬನ್ನಿ ಅನ್ನುವಂಥ ಚೀಟಿಗಳು ಉಳಿದಿವೆ. ಅಂದರೆ ನೆಂಟರು, ವ್ಯಾಪಾರದವರು, ಸಂಘದವರು ಎಲ್ಲ ಸೇರುವ ಜಾಗವೇ ಗುಡಿ. ಹೋಗದಿದ್ದರೆ ಸಂಬಂಧ ಕೆಡುತ್ತದೆ, ಕೆಲಸ ಕೆಡುತ್ತದೆ. ನಮ್ಮ ಮಷಿನ್ ಶಾಪ್‌ಗೆ ತುಂಬಾ ಹತ್ತಿರದ ಸಂಗತಿ, ಅಲ್ವಾ?

ಪೌಲ ಜಾಗ ನೋಡಿ ಮಾತಾಡುತ್ತಾನೆ. ಗುಡಿಯ ಪಂಕ್ತಿಯಲ್ಲಿ ಕೂತು ಪೂಜೆಯ ಭಾಗವಾಗಿ ಉಣ್ಣುವುದಕ್ಕೆ ಖಂಡಿತ ಇಲ್ಲ: ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಒಟ್ಟಿಗೆ ಪಾಲು ತೆಗೆದುಕೊಳ್ಳಲಾಗದು. ಅಂಗಡಿಯಲ್ಲಿ ಮಾರುವುದನ್ನು ಏನೂ ಕೇಳದೆ ತಿನ್ನಿ ಅನ್ನುತ್ತಾನೆ. ಬೇರೆಯವರ ಮನೆಗೆ ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ತಿನ್ನಿ. ಆದರೆ ಅಲ್ಲೇ ಒಬ್ಬರು 'ಇದು ನೈವೇದ್ಯದ್ದು' ಅಂತ ಹೇಳಿದರೆ ಬಿಡಿ. ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಹೇಳಿದವನ ಮನಸ್ಸಾಕ್ಷಿಗಾಗಿ.

ಪ್ರಕಟನೆಯ ಮಾತು ಮೊದಲನೆಯ ಜಾಗಕ್ಕೆ ಸೇರಿದ್ದು ಅಂತ ನಾನು ಓದುತ್ತೇನೆ. ಅಲ್ಲಿ ಊಟದ ಜೊತೆಗೆ ಜಾರತನವನ್ನೂ ಸೇರಿಸಿ ಹೇಳಿದೆ. ಬೇರೆ ರೀತಿ ಓದುವವರೂ ಇದ್ದಾರೆ, ಅವರ ಮೇಲೆ ನನಗೆ ಗೌರವವಿದೆ.

ಶಾಪ್‌ನಲ್ಲಿ ಆರತಿ ಆದ ಕೂಡಲೇ, ಆ ಮಷಿನ್ ಮುಂದೆಯೇ, ತಟ್ಟೆಯಿಂದ ಕೊಟ್ಟದ್ದು ಮೊದಲನೆಯ ಜಾಗಕ್ಕೆ ಹತ್ತಿರ. ಮರುದಿನ ಸಹೋದ್ಯೋಗಿಯ ಮನೆಯಿಂದ ಬಂದ ಒಬ್ಬಟ್ಟು ಮೂರನೆಯದಕ್ಕೆ ಹತ್ತಿರ. ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿದರೆ ಪೌಲ ಬಿಟ್ಟ ಜಾಗವನ್ನು ನಾವು ಮುಚ್ಚಿದ ಹಾಗೆ.

ಮಂಗಳೂರಿನ ಅಕ್ಕ

ಊಟದ ವಿಷಯ ತಮ್ಮ ಚೆನ್ನಾಗಿ ಹೇಳಿದ್ದಾನೆ. ನಾನು ಓಲೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಂಥ ಕಡೆ ಅದು ಯಾವಾಗಲೂ ಕೊನೆಯ ಸಾಲಾಗಿ ಬಂದು ಸೇರಿಕೊಳ್ಳುತ್ತದೆ.

ನಮ್ಮದು ಬಾಸೆಲ್ ಮಿಷನ್ ಕಾಲದ ಮನೆತನ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಅಜ್ಜಿಯಂದಿರು ಕರಿಮಣಿ ಹಾಕಿ, ಮಲ್ಲಿಗೆ ಮುಡಿದು ಆರಾಧನೆಗೆ ಹೋಗುತ್ತಿದ್ದರು. ಯಾರೂ ಏನೂ ಅನ್ನುತ್ತಿರಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅಲ್ಲಿನ ಒಂದು ಸಭೆಯಲ್ಲಿ ನನ್ನನ್ನು ಹಿಂದಿನ ಬೆಂಚಿಗೆ ಕಳಿಸಿದರು. 'ನಿನ್ನ ಓಲೆಯಿಂದ ಬಲವಿಲ್ಲದವರು ಎಡವುತ್ತಾರೆ ತಾಯಿ' ಅಂದರು. ಬಲವಿಲ್ಲದವರು ಅಂದರೆ ಪೌಲ 1 ಕೊರಿಂಥ 8ರಲ್ಲಿ ಹೇಳುವ, ಮನಸ್ಸಾಕ್ಷಿ ಇನ್ನೂ ಗಟ್ಟಿಯಾಗದ ವಿಶ್ವಾಸಿಗಳು. ಯಾರು ಎಡವಿದರು ಅಂತ ಕೇಳಿದೆ. ಒಬ್ಬರ ಹೆಸರೂ ಬರಲಿಲ್ಲ. ಬೇಸರ ಆಗಿದ್ದದ್ದು ಇಪ್ಪತ್ತು ವರ್ಷದಿಂದ ಸಭೆ ನಡೆಸುತ್ತಿದ್ದ ಹಿರಿಯರಿಗೆ.

ಇಲ್ಲೇ ಗಂಟು ಇರುವುದು. ಪೌಲ ಯಾರ ಸಲುವಾಗಿ ಬಿಟ್ಟುಕೊಡು ಅಂತಾನೆ? ನನ್ನನ್ನು ನೋಡಿ, ತನ್ನ ಮನಸ್ಸು ಬೇಡ ಬೇಡ ಅನ್ನುತ್ತಿದ್ದರೂ, ತಾನೂ ಅದನ್ನೇ ಮಾಡಿ ಒಳಗೆ ಮುರಿದುಹೋಗುವವನ ಸಲುವಾಗಿ. ಪೀಣ್ಯದ ಆ ಹುಡುಗ ಹಾಗೆ ಮುರಿದಿದ್ದಾನೆ. ಅವನಿಗಾಗಿ ಪುರಿ ಏನು, ಏನು ಬೇಕಾದರೂ ಬಿಡಬಹುದು. ಆದರೆ ನನ್ನ ಓಲೆ ನೋಡಿ ಹುಬ್ಬು ಗಂಟಿಕ್ಕುವ ಹಿರಿಯರು ನಾಳೆ ತಾವೂ ಓಲೆ ಹಾಕಿಕೊಂಡು ಪಾಪಕ್ಕೆ ಬೀಳುವವರಲ್ಲ. ಅವರಿಗೆ ಇಷ್ಟ ಇಲ್ಲ, ಅಷ್ಟೇ. ಇಷ್ಟ ಇಲ್ಲದಿರುವುದು ಬಲವಿಲ್ಲದಿರುವುದಲ್ಲ. ಅವರ ಕೈಯಲ್ಲಿ ಅಧಿಕಾರ ಇದೆ. ರೋಮಾಪುರದವರಿಗೆ 14ರಲ್ಲಿ ತಿನ್ನುವವನಿಗೆ ಹೀನಾಯ ಮಾಡಬೇಡ ಅಂತ ಹೇಳಿದ ಪೌಲ, ತಿನ್ನದವನಿಗೂ ತೀರ್ಪು ಮಾಡಬೇಡ ಅಂತಾನೆ. ಎರಡನೆಯದನ್ನು ಪ್ರಸಂಗದಲ್ಲಿ ಕೇಳಿದ ನೆನಪೇ ಇಲ್ಲ.

1 ತಿಮೊಥೆ 2:9 ತೋರಿಸುತ್ತಾರೆ. ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆಯ ಆಡಂಬರ ಬೇಡ ಅಂತ ಅಲ್ಲಿದೆ, ಒಪ್ಪುತ್ತೇನೆ. ಅದರ ಹಿಂದಿನ ವಚನ ಗಂಡಸರಿಗೆ: ಕೋಪವಿಲ್ಲದೆ, ಜಗಳವಿಲ್ಲದೆ ಪ್ರಾರ್ಥನೆ ಮಾಡಬೇಕು. ಕೋಪ ಮಾಡಿಕೊಂಡ ಗಂಡಸರನ್ನು ಹಿಂದಿನ ಬೆಂಚಿಗೆ ಕಳಿಸಿದ ಸಭೆ ಯಾವುದಾದರೂ ಇದೆಯಾ?

ಒಡವೆ ಬಿಟ್ಟ ಪೆಂತೆಕೋಸ್ತು ಅಕ್ಕಂದಿರನ್ನು ನಾನು ಪ್ರೀತಿಸುತ್ತೇನೆ. ತಾವಾಗಿಯೇ ತೆಗೆದು ಕರ್ತನಿಗೆ ಅಂತ ಕೊಟ್ಟವರಿದ್ದಾರೆ. ಅದು ಅವರ ಕಾಣಿಕೆ. ಬೇರೆಯವರ ಕಿವಿಯಿಂದ ಬಿಚ್ಚಿಸಿದರೆ ಅದು ಯಾರ ಕಾಣಿಕೆ?

ಕೋಲಾರ ಕಡೆಯ ವಿಶ್ವಾಸಿ

ಅಕ್ಕ, ನಿಮ್ಮನ್ನು ಹಿಂದಿನ ಬೆಂಚಿಗೆ ಕಳಿಸಿದ್ದು ತಪ್ಪು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ನಿಯಮವೇ ಬೇಡ ಅಂದರೆ ನಾಳೆ ಯಾರಿಗೆ ಹೇಗೆ ಬೇಕೋ ಹಾಗೆ ಅಲ್ವಾ? ಪೌಲ ತಾನೇ ತನ್ನ ಜೊತೆಗಾರ ತಿಮೊಥೆಗೆ ಸುನ್ನತಿ ಮಾಡಿಸಿದ. ಅಲ್ಲಿನ ಯೆಹೂದ್ಯರ ಸಲುವಾಗಿ ಅಂತ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಅಷ್ಟು ದೊಡ್ಡ ವಿಷಯವನ್ನೇ ಅವನು ಬಿಟ್ಟುಕೊಡಬಹುದಾದರೆ ನಮಗೆ ಒಂದು ಓಲೆ ಕಷ್ಟವಾ?

ಮಂಗಳೂರಿನ ಅಕ್ಕ

ಅದೇ ಪೌಲ ಯೆಹೂದ್ಯನಲ್ಲದ ಇನ್ನೊಬ್ಬ ಜೊತೆಗಾರ ತೀತನಿಗೆ ಮಾಡಿಸಲಿಲ್ಲವಲ್ಲ ಅಣ್ಣ. ಗಲಾತ್ಯ 2 ಓದಿ. 'ಮಾಡಿಸಲೇಬೇಕು, ಇಲ್ಲದಿದ್ದರೆ ಒಳಗೆ ಸೇರಿಸುವುದಿಲ್ಲ' ಅಂತ ಕೆಲವರು ಒತ್ತಿದಾಗ ಒಂದು ಗಳಿಗೆಯೂ ಬಗ್ಗಲಿಲ್ಲ ಅಂತ ಬರೆದಿದ್ದಾನೆ. ಒಬ್ಬನ ವಿಷಯದಲ್ಲಿ ತಾನಾಗಿ ಕೊಟ್ಟದ್ದನ್ನೇ ಇನ್ನೊಬ್ಬನ ವಿಷಯದಲ್ಲಿ ಕಿತ್ತುಕೊಳ್ಳಲು ಬಂದಾಗ ಕೊಡಲಿಲ್ಲ. ಅದೇ ಅಧ್ಯಾಯದಲ್ಲಿ ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಪಂಕ್ತಿಯಿಂದ ಎದ್ದುಹೋದದ್ದೂ ಇದೆ. ಯೆರೂಸಲೇಮಿನಿಂದ ಬಂದವರಿಗೆ ಬೇಸರ ಆಗಬಾರದು ಅಂತ ಎದ್ದ. ನೋಡಿದರೆ ಅದೂ ಬೇರೆಯವರ ಮನಸ್ಸು ನೋಯಿಸಬಾರದು ಅನ್ನುವ ಯೋಚನೆಯೇ. ಪೌಲ ಎಲ್ಲರ ಮುಂದೆ ಎದುರು ನಿಂತ. ಯಾಕೆಂದರೆ ಪೇತ್ರ ಎದ್ದಾಗ ಪಂಕ್ತಿಯಲ್ಲಿ ಉಳಿದವರಿಗೆ 'ನೀವು ಕಮ್ಮಿ' ಅಂತ ಹೇಳಿದ ಹಾಗಾಯಿತು.

ರಾಯಚೂರಿನಿಂದ ಹೊಸಬ

ನಾನು ಇಲ್ಲಿ ಜಾಸ್ತಿ ಬರೆಯುವವನಲ್ಲ. ಪೀಣ್ಯದ ಆ ಹುಡುಗನ ಹಾಗೆಯೇ ನನ್ನ ಕತೆ. ಅದಕ್ಕೆ ಬರೆಯುತ್ತಿದ್ದೇನೆ.

ಹುಟ್ಟು ಕ್ರೈಸ್ತರಿಗೆ ಪ್ರಸಾದ ಅಂದರೆ ಒಂದು ತಿಂಡಿ. ನನಗೆ ಹಾಗಲ್ಲ. ನಮ್ಮ ದೊಡ್ಡಮ್ಮನ ಮೈಮೇಲೆ ದೇವಿ ಬರುತ್ತಿದ್ದಳು. ಡೊಳ್ಳು ಶುರುವಾದರೆ ನನ್ನ ಕೈ ನಡುಗುತ್ತಿತ್ತು. ಹುಷಾರಿಲ್ಲದಾಗ ಭಂಡಾರ ಹಚ್ಚಿ, ಬಾಯಿಗೆ ಪ್ರಸಾದ ಹಾಕಿ 'ಇನ್ನು ನೀನು ಅವಳ ಮಗ' ಅನ್ನುತ್ತಿದ್ದರು. ಅದನ್ನು ಬಾಯಿಗೆ ಹಾಕಿಕೊಂಡರೆ ನಾನು ಮತ್ತೆ ಅವಳಿಗೆ ಮಾತು ಕೊಟ್ಟ ಹಾಗೆ ಅನ್ನಿಸುತ್ತದೆ. ವಿಗ್ರಹ ಏನೂ ಅಲ್ಲ ಅಂತ ನನಗೂ ತಲೆಯಲ್ಲಿ ಗೊತ್ತಿದೆ. ಹೊಟ್ಟೆಗೆ ಇನ್ನೂ ಗೊತ್ತಾಗಿಲ್ಲ.

ನಮ್ಮಂಥವರನ್ನು ಬಲವಿಲ್ಲದವರು ಅಂತ ವೇದಿಕೆ ಮೇಲಿಂದ ಹೇಳಿದಾಗ ಎಲ್ಲರೂ ತಿರುಗಿ ನೋಡುತ್ತಾರೆ. ಅದು ಪ್ರಸಾದಕ್ಕಿಂತ ಜಾಸ್ತಿ ನೋಯುತ್ತದೆ. ಅಪ್ಪ ಮನೆಯಿಂದ ಹೊರಗೆ ಹಾಕಿದಾಗ ನಾನು ನಿಂತಿದ್ದೇನೆ. ಬಲ ಇಲ್ಲದವನು ಅಂತ ಹೇಗೆ ಹೇಳುತ್ತೀರಿ?

ನನ್ನ ಹೆಸರಿನಲ್ಲಿ ನಿಯಮ ಮಾಡಬೇಡಿ. ಆ ಅಣ್ಣ ಹುಡುಗನ ಪಕ್ಕ ಕೂತು 'ನಿನಗೆ ಹೇಗನ್ನಿಸುತ್ತದೆ?' ಅಂತ ಒಂದು ಸಲ ಕೇಳಲಿ. ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ನಾನು ಎಷ್ಟೋ ಭಾನುವಾರ ಹೊರಗೆ ನಿಲ್ಲುತ್ತಿರಲಿಲ್ಲ.

ಪೀಣ್ಯದ ಸಭೆಯವನು

ರಾಯಚೂರಿನ ತಮ್ಮ, ನೀವು ಬರೆದದ್ದನ್ನು ನಮ್ಮ ದೊಡ್ಡಣ್ಣನಿಗೆ ಫೋನಿನಲ್ಲಿ ಓದಿ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಸಂಜೆ ಶಿಫ್ಟ್ ಮುಗಿಸಿ ಅವನ ರೂಮಿಗೆ ಹೋಗುತ್ತೇನೆ ಅಂದರು.

ಕೊಂಕಣಿ ಮನೆಯ ಕಥೋಲಿಕ

ಬೇರೆ ಪಂಗಡದವನು ನಡುವೆ ಬಂದಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಚರಿತ್ರೆಯಿಂದ ಒಂದು ಎಚ್ಚರಿಕೆ ಇದೆ, ಹೇಳಲೇಬೇಕು ಅನ್ನಿಸಿತು.

1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಪಾದ್ರಿ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟರು, ಮಾಂಸ ಬಿಟ್ಟರು. ಕ್ರೈಸ್ತರಾದವರು ಜನಿವಾರ, ಗಂಧ, ಜುಟ್ಟು ಉಳಿಸಿಕೊಳ್ಳಬಹುದು ಅಂದರು. ಇವು ಊರ ರೂಢಿ, ದೇವರ ಪೂಜೆಯಲ್ಲ ಅನ್ನುವುದು ಅವರ ವಾದ. 1623ರಲ್ಲಿ ಪೋಪರು ಒಪ್ಪಿದರು. 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುವಾದ ಮೈಸೂರು ಮಿಷನ್ ಕೂಡ ಅದೇ ದಾರಿ ಹಿಡಿಯಿತು. ಬೇರೆ ಸಂಘದ ಪಾದ್ರಿಗಳಿಗೆ ಇದು ಸರಿಬರಲಿಲ್ಲ. 1704ರಲ್ಲಿ ಪುದುಚೇರಿಯಲ್ಲಿ ಪೋಪರ ಪ್ರತಿನಿಧಿ ತುರ್ನೊನ್ ಹಲವು ಆಚಾರಗಳನ್ನು ನಿಷೇಧಿಸಿದರು. 1744ರಲ್ಲಿ 14ನೇ ಬೆನೆಡಿಕ್ಟ್ ಅದನ್ನು ಗಟ್ಟಿ ಮಾಡಿದರು. ನೂರು ವರ್ಷಕ್ಕೂ ಮೇಲೆ ಗಂಧ, ಜನಿವಾರದ ಮೇಲೆ ಜಗಳ.

ಆದರೆ ನನ್ನನ್ನು ಕಾಡುವುದು ಇನ್ನೊಂದು. ಮೇಲ್ಜಾತಿಯಿಂದ ಬಂದವರ ಮನಸ್ಸಿಗೆ ನೋವಾಗಬಾರದು, ಅವರು ನಂಬಿಕೆಯಲ್ಲಿ ಇನ್ನೂ ಎಳಸು ಅಂತ ಹೇಳಿ ದಲಿತರಿಗೆ ಬೇರೆ ಪಾದ್ರಿಗಳನ್ನೇ ಇಟ್ಟರು. ಪ್ರೊಟೆಸ್ಟಂಟರಲ್ಲೂ ಇತ್ತು. ತಂಜಾವೂರಿನ ಸಭೆಗಳಲ್ಲಿ ಜಾತಿಗೊಂದು ಕಡೆ ಕೂರುತ್ತಿದ್ದರು. ನಿಧಾನವಾಗಿ ಸರಿಹೋಗಲಿ ಅಂತ ಹಳೆಯ ಮಿಷನರಿಗಳು ಬಿಟ್ಟಿದ್ದರು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಯನ್ನು ಸಭೆಯಿಂದ ಪೂರ್ತಿ ತೆಗೆಯಿರಿ ಅಂತ ಆದೇಶ ಕೊಟ್ಟಾಗ ಎಷ್ಟೋ ಜನ ಸಭೆಯನ್ನೇ ಬಿಟ್ಟುಹೋದರು.

ಅಂದರೆ ಬಲವಿಲ್ಲದವರ ಹೆಸರು ಹೇಳಿ ಬಲವಾದವರನ್ನು ಕಾಪಾಡಿದ್ದೂ ಇದೆ. ಹಾಗಾಗಿ ಯಾರ ಮನಸ್ಸಾಕ್ಷಿಗಾಗಿ ಯಾರು ಬೆಲೆ ತೆರುತ್ತಿದ್ದಾರೆ ಅಂತ ಪ್ರತಿ ಸಲವೂ ನೋಡಬೇಕು. ಪುರಿ ಬಿಟ್ಟವನು ಒಂದು ಹಿಡಿ ಪುರಿ ಕಳೆದುಕೊಳ್ಳುತ್ತಾನೆ. ಅಲ್ಲಿ ದಲಿತ ವಿಶ್ವಾಸಿ ಕಳೆದುಕೊಂಡದ್ದು ದೇವರ ಮನೆಯಲ್ಲಿ ತನ್ನ ಜಾಗವನ್ನು.

ಜರ್ಮನಿಯಲ್ಲಿರುವ ಕನ್ನಡಿಗ

ನಿಯಮ ಬೇಕಾ ಬೇಡವಾ ಅನ್ನುವ ಕೋಲಾರದ ಅಣ್ಣನ ಪ್ರಶ್ನೆಗೆ ವಿಟ್ಟನ್‌ಬರ್ಗ್‌ನ ಸಂಗತಿ ಹೇಳುತ್ತೇನೆ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಲೂಥರ್ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ, 1521ರ ಕ್ರಿಸ್‌ಮಸ್ ದಿನ ಅವನ ಜೊತೆಗಾರ ಕಾರ್ಲ್‌ಸ್ಟಾಟ್ ಪಾದ್ರಿಯ ನಿಲುವಂಗಿ ಇಲ್ಲದೆ ಕರ್ತನ ಭೋಜನ ನಡೆಸಿ, ಎಲ್ಲರಿಗೂ ರೊಟ್ಟಿ, ಬಟ್ಟಲು ಎರಡನ್ನೂ ಕೊಟ್ಟ. ಆಮೇಲೆ ಚಿತ್ರ, ಮೂರ್ತಿಗಳನ್ನು ಕಿತ್ತುಹಾಕುವುದೂ ಶುರುವಾಯಿತು. ಸುಧಾರಣೆ ಲೂಥರನ ಬೋಧನೆಯಿಂದಲೇ ಬಂದದ್ದು. ಆದರೂ ಅವನು 1522ರ ಮಾರ್ಚಿನಲ್ಲಿ ಜೀವಕ್ಕೆ ಅಪಾಯ ಇದ್ದರೂ ಊರಿಗೆ ವಾಪಸು ಬಂದು, ಎಂಟು ದಿನ ಸತತ ಪ್ರಸಂಗ ಮಾಡಿ ತಡೆದ. ಮಾಡಿದ್ದು ಸರಿ ಇರಬಹುದು, ಮಾಡಿದ ರೀತಿಯಲ್ಲಿ ಪ್ರೀತಿ ಇಲ್ಲ. ವಾಕ್ಯ ಸಾರೋಣ, ಯಾರನ್ನೂ ಕೂದಲು ಹಿಡಿದು ಎಳೆಯುವುದು ಬೇಡ ಅನ್ನುವುದು ಅವನ ಮಾತಿನ ಸಾರ. ಸನ್ಯಾಸಿಯ ಅಂಗಿ ಬಿಡುವ ಸ್ವಾತಂತ್ರ್ಯ ಇದ್ದರೂ ಅವನು ಅದನ್ನು ತೊಟ್ಟುಕೊಂಡೇ ಇದ್ದ. ಬಿಟ್ಟದ್ದು 1524ರಲ್ಲಿ.

ಹಳೆಯ ನಿಯಮ ತೆಗೆಯುವಾಗಲೇ ಅವನು ಹೊಸ ನಿಯಮದ ಬಲವಂತ ಬೇಡ ಅಂದ. ನಾವು ಹೊಸದಾಗಿ ಒಂದು ಕಟ್ಟುವ ಮುಂಚೆ ಇನ್ನೂ ಎಷ್ಟು ಯೋಚಿಸಬೇಕು!

ಕುಡಿತ ಬಿಟ್ಟವನು

ಒಂದೇ ಮಾತು. ನಮ್ಮ ಸಭೆಯಲ್ಲಿ ಕರ್ತನ ಭೋಜನಕ್ಕೆ ದ್ರಾಕ್ಷಾರಸ ಬದಲಾಯಿಸಿ ಎಲ್ಲರಿಗೂ ಹುಳಿಯದ ದ್ರಾಕ್ಷಿ ರಸ ಇಟ್ಟರು. ಬಿಟ್ಟವರಿಗೆ ಬೇರೆ ಬಟ್ಟಲು ಇಡಲಿಲ್ಲ. ಯಾರ ಹೆಸರನ್ನೂ ಹೇಳಲಿಲ್ಲ. ಆವತ್ತು ನನಗೆ ಪ್ರೀತಿ ಅಂದರೆ ಏನು ಅಂತ ಗೊತ್ತಾಯಿತು.

ಕೋಲಾರ ಕಡೆಯ ವಿಶ್ವಾಸಿ

ಮೇಲಿನ ಬ್ರದರ್ ಬರೆದದ್ದು ಓದಿ ಕಣ್ಣು ತುಂಬಿತು. ಪ್ರಸಾದದ ವಿಷಯದಲ್ಲಿ ನನ್ನ ನಂಬಿಕೆ ಬದಲಾಗಿಲ್ಲ, ನಾನು ಮುಟ್ಟುವುದಿಲ್ಲ, ನನ್ನ ಮಕ್ಕಳಿಗೂ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಆದರೆ ಮುಟ್ಟಿದವನಿಗೆ ಕರ್ತನ ಮೇಜು ಇಲ್ಲ ಅನ್ನುವ ಸಾಲಿಗೆ ನನ್ನ ಒಪ್ಪಿಗೆ ಇಲ್ಲ. ಅದು ಕರ್ತನ ಮೇಜು. ನಿಯಮ ಓದುವುದಾದರೆ ಆ ಸಾಲು ತೆಗೆಸಿ.

ಪೀಣ್ಯದ ಸಭೆಯವನು

ಎಲ್ಲರಿಗೂ ಏನಾಯಿತು ಅಂತ ತಿಳಿಸಬೇಕು.

ದೊಡ್ಡಣ್ಣ ಹುಡುಗನ ರೂಮಿಗೆ ಹೋಗಿದ್ದರು. ಇಬ್ಬರೂ ಅನ್ನ ಮಾಡಿಕೊಂಡು ಉಂಡು, ರಾತ್ರಿ ಬಹಳ ಹೊತ್ತು ಮಾತಾಡಿದ್ದಾರೆ. ಈ ವರ್ಷ ಶಾಪ್‌ನಲ್ಲಿ ಏನು ಮಾಡಬೇಕು ಅಂತ ಇಬ್ಬರೇ ತೀರ್ಮಾನಿಸಿಕೊಂಡರು. ಮಷಿನ್ ಒರೆಸುವ ಕೆಲಸ ಎಂದಿನಂತೆ ಮಾಡುತ್ತಾರೆ, ಅದು ಅವರ ಕೆಲಸ. ಆರತಿ ಹೊತ್ತಿಗೆ ಇಬ್ಬರೂ ಹೊರಗೆ ಟೀ ಅಂಗಡಿ ಹತ್ತಿರ ಇರುತ್ತಾರೆ. ದೊಡ್ಡಣ್ಣ ಓನರ್‌ಗೆ ಮುಂಚೆಯೇ ಗೌರವದಿಂದ ಹೇಳಿದರಂತೆ. 'ಅದಕ್ಕೇನಂತೆ, ಬೋನಸ್ ಕವರ್ ಮರುದಿನ ಆಫೀಸಿನಲ್ಲಿ ತಗೊಳ್ಳಿ' ಅಂದರಂತೆ ಅವರು. ಪಕ್ಕದ ಮಷಿನ್‌ನವರ ಮನೆಗೆ ಹಬ್ಬದ ಊಟಕ್ಕೆ ಕರೆದರೆ ದೊಡ್ಡಣ್ಣ ಹೋಗುತ್ತಾರೆ, ಹುಡುಗ ಹೋಗುವುದಿಲ್ಲ. ಅದನ್ನು ಹುಡುಗನೇ ಹೇಳಿದ್ದು: 'ನೀವು ಹೋಗಿ ಬನ್ನಿ ಅಣ್ಣ, ನನಗೆ ಬೇಸರ ಇಲ್ಲ.'

ಹೋದ ಭಾನುವಾರ ಅವನು ಕರ್ತನ ಭೋಜನದಲ್ಲಿ ಒಳಗೇ ಇದ್ದ.

ಹಿರಿಯರ ಹತ್ತಿರ ನಾವು ನಾಲ್ಕು ಜನ ಹೋಗಿ ಮಾತಾಡಿದೆವು. ಪ್ರಸಾದದ ನಿಯಮ ಓದುವುದಿಲ್ಲ, ಬದಲಿಗೆ 1 ಕೊರಿಂಥ 8ರಿಂದ 10ರವರೆಗೆ ಮೂರು ವಾರ ಬೋಧನೆ ಇಡೋಣ ಅಂದರು. ಓಲೆ, ಹೂವಿನ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. 'ಅದು ಬೇರೆ ವಿಷಯ' ಅಂತಲೇ ಇದ್ದಾರೆ. ಬೇರೆ ವಿಷಯವಾದರೆ ಒಂದೇ ಕಾಗದದಲ್ಲಿ ಯಾಕೆ ಬರೆದಿರಿ ಅಯ್ಯನವರೇ ಅಂತ ನಮ್ಮಲ್ಲಿ ಒಬ್ಬ ತಾಯಿ ಕೇಳಿದರು. ಉತ್ತರ ಬರಲಿಲ್ಲ. ಹೆಂಗಸರನ್ನು ಕೂರಿಸಿ ಅವರ ಮಾತು ಕೇಳದೆ ಏನೂ ಓದುವುದಿಲ್ಲ ಅನ್ನುವಷ್ಟಕ್ಕೆ ಮಾತ್ರ ಒಪ್ಪಿದ್ದಾರೆ.

ಮಂಗಳೂರಿನ ಅಕ್ಕ, ಆ ಕೂಟಕ್ಕೆ ನೀವು ಬರಲು ಆಗುತ್ತದೆಯಾ? ನಮ್ಮ ಅಕ್ಕಂದಿರು ಗಲಾತ್ಯ 2ನ್ನು ನಿಮ್ಮ ಬಾಯಿಂದ ಕೇಳಬೇಕು ಅಂತಿದ್ದಾರೆ.

ಮಂಗಳೂರಿನ ಅಕ್ಕ

ಬರುತ್ತೇನೆ. ಆದರೆ ಒಡವೆ ಬಿಟ್ಟ ಅಕ್ಕಂದಿರನ್ನೂ ಕರೆಯಿರಿ, ಅವರು ಮೊದಲು ಮಾತಾಡಲಿ. ಹಿರಿಯರೂ ಬಂದು ಕೂರಲಿ, ಹಿಂದಿನ ಬೆಂಚಿನಲ್ಲಿ ಅಲ್ಲ, ನಮ್ಮ ಜೊತೆಗೆ. ತಾರೀಖು ತಿಳಿಸಿ, ರಾತ್ರಿ ಬಸ್ ಬುಕ್ ಮಾಡುತ್ತೇನೆ.